ಲಾರಿಯೊಳಗಿನ ನವಣೆ ಗಂಜಿ

ಕಂಪನಿಯವರು ತಮ್ಮ ಲಾರಿಗಳ ಕ್ಯಾಬಿನ್ನಿನಲ್ಲಿದ್ದ ಕರೆಂಟಿನ ಸಾಕೆಟ್ಟುಗಳಿಗೆಲ್ಲ ಅಂಟು ತುಂಬಿ ಮುಚ್ಚಿದರು. ಚಾಲಕ ಮಿಯಾವ್ ದೆಶುನ್‌ನ ಅರ್ಧ ಜಠರವನ್ನು ಹೋದ ವರ್ಷವಷ್ಟೇ ವೈದ್ಯರು ಕತ್ತರಿಸಿ ತೆಗೆದಿದ್ದರು. ತಣ್ಣನೆಯ ಊಟ ಹೊಟ್ಟೆಗೆ ಹೋದರೆ ನಿಲ್ಲುತ್ತಿರಲಿಲ್ಲ.

ಚೀನಾದ ತಿಯಾಂಜಿನ್ ಬಂದರಿನ ಹೊರಗೆ, ಹಿಮ ಹೊತ್ತು ನಿಂತ ಲಾರಿಗಳ ಸಾಲಿನಲ್ಲಿ, ನಡುಮಧ್ಯಾಹ್ನ ಅವನ ಹೆಂಡತಿ ಗುಯಿಲಾನ್ ಇನ್ವರ್ಟರಿಗೆ ಹೊಸ ಸಾಕೆಟ್ ಬೋರ್ಡು ಜೋಡಿಸಿ, ಮಲಗುವ ಹಲಗೆಯ ಮೇಲೆ ಕುಕ್ಕರಿಟ್ಟು ಗುಂಡಿ ಒತ್ತಿದಳು. ಕೆಂಪು ದೀಪ ಹತ್ತಿತು. ಮೇಷ್ಟ್ರ ಕುರ್ಚಿಗೆ ಅಂಟು ಬಳಿದ ಮಕ್ಕಳ ಹಾಗೆ ಗಂಡ ಹೆಂಡತಿ ಕಿಸಿಕಿಸಿ ನಕ್ಕರು.

"ಏ ಮುದುಕಾ, ಉಸಿರು ಬಿಗಿಹಿಡ್ಕೊ. ಗಂಜಿ ವಾಸನೆ ಹೊರಗೆ ಹೋದೀತು."

"ನಾನು ಉಸಿರು ಹಿಡಿದ್ರೆ ವಾಸನೆ ನಿಲ್ಲತ್ತೇನೇ, ಹುಚ್ಚಿ?"

ನಿಲ್ಲಲಿಲ್ಲ. ಯಾರೋ ಕಿಟಕಿ ಬಡಿದರು. ಕಂಪನಿಯ ಮೇಸ್ತ್ರಿ ಪಾನ್. ಮೈಮೇಲೆ ಕಂಪನಿಯ ನೀಲಿ ಕೋಟು, ಕೈಯಲ್ಲಿ ತಂತಿ ಕತ್ತರಿಸುವ ಇಕ್ಕಳ.

"ಬಾಗಿಲು ತೆಗಿ ಗುಯಿಲಾನ್. ಇನ್ವರ್ಟರ್ ತಂತಿ ಕತ್ತರಿಸ್ಬೇಕು. ಆರ್ಡರ್ ಆಗಿದೆ."

"ಒಳಗ್ಬಂದು ಕತ್ತರಿಸಿ ಪಾನ್ ಅಣ್ಣ. ಮೀಸೇಲಿ ಐಸ್‌ಕಡ್ಡಿ ನೇತಾಡ್ತಿದೆ."

ಪಾನ್ ಹತ್ತಿ ಬಂದು ಕೂತ. "ಹೋದ ತಿಂಗಳು ನಮ್ಮದೇ ಲಾರಿ ಹೊತ್ಕೊಂಡು ಉರೀತಲ್ಲ, ಮರೆತ್ರಾ?"

"ಆ ಡ್ರೈವರು ಸಿಗರೇಟು ಹಚ್ಚೋ ತೂತಿಗೆ ಕುಕ್ಕರ್ ಸಿಕ್ಕಿಸಿದ್ದ," ಅಂದಳು ಗುಯಿಲಾನ್. " ಆ ತಂತಿ ನಿಮ್ಮ ಮೀಸೆ ಕೂದಲಷ್ಟೂ ದಪ್ಪ ಇರಲ್ಲ. ನಮ್ಮದು ನೋಡಿ, ಎಂಜಿನ್ ಬ್ಯಾಟರೀನೇ ಬೇರೆ, ಇದರ ಬ್ಯಾಟರೀನೇ ಬೇರೆ. ಹೆಬ್ಬೆರಳು ದಪ್ಪದ ತಂತಿ. ಬ್ಯಾಟರಿ ಪಕ್ಕದಲ್ಲೇ ಫ್ಯೂಸು. ಫ್ಯೂಸು ಅಲ್ಲಿದ್ರೆ ತಂತಿ ಸವೆದ್ರೂ ಬೆಂಕಿ ಹತ್ತಲ್ಲ ಅಂತ ಹೇಳ್ಕೊಟ್ಟೋರು ಯಾರು? ಲಾರಿ ಓಡಿಸ್ತಿದ್ದಾಗ ನೀವೇ ತಾನೇ?"

ಪಾನ್ ಕೆಮ್ಮಿದ. "ಅದೆಲ್ಲ ಇರ್ಲಿ. ಮೊದ್ಲು ಫೋಟೋ ತೆಗೆದು ಮಾಲೀಕರಿಗೆ ಕಳಿಸ್ಬೇಕು." ಜೇಬಿನಿಂದ ಫೋನು ತೆಗೆದ. ಚಳಿಗೆ ಅದು ಸತ್ತೇಹೋಗಿತ್ತು. ಫೋನು ನೋಡಿದ, ಇಕ್ಕಳ ನೋಡಿದ, ಬೋರ್ಡು ನೋಡಿದ.

"ಗುಯಿಲಾನ್... ಒಂಚೂರು ಚಾರ್ಜಿಗೆ ಹಾಕ್ಲಾ?"

ದೆಶುನ್ ಎಗರಿ ನಕ್ಕ ರಭಸಕ್ಕೆ ಅವನ ತಲೆ ಚಾವಣಿಗೆ ಬಡಿಯಿತು. "ಹಾಕಿ, ಹಾಕಿ! ನಮ್ಮ ಕಳ್ಳತನ ಹಿಡಿಯೋಕೆ ನಮ್ಮದೇ ಕರೆಂಟು!"

ಅಷ್ಟರಲ್ಲಿ ಗಂಜಿ ಕೊತಕೊತ ಉಕ್ಕಿತು. ಬಿಸಿ ಪಾತ್ರೆ ಹಿಡಿಯಲು ಬಟ್ಟೆ ಸಿಗಲಿಲ್ಲ. ಗುಯಿಲಾನ್ ಪಾನ್‌ನ ಕೈಯಿಂದ ಇಕ್ಕಳ ಕಿತ್ತುಕೊಂಡು, ಅದರಲ್ಲೇ ಪಾತ್ರೆಯ ಅಂಚು ಹಿಡಿದೆತ್ತಿ ಮೂರು ಬಟ್ಟಲಿಗೆ ಬಗ್ಗಿಸಿ ಮತ್ತೆ ಕುಕ್ಕರಿಗಿಟ್ಟಳು. ಮೂವರೂ ಸೊರಸೊರ ಕುಡಿದರು. ಪಾನ್‌ನ ಮೀಸೆಯ ಐಸು ಕರಗಿ ಗಂಜಿಗೆ ತೊಟ್ಟಿಕ್ಕಿತು. ಅದಕ್ಕೂ ನಕ್ಕರು.

ಜೀವ ಬಂದ ಫೋನು ಬಡಿದುಕೊಂಡಿತು, ವೀಡಿಯೊ ಕರೆ. ಪಾನ್ ಎತ್ತಿದ. ಪರದೆಯ ಮೇಲೆ ಮಾಲೀಕ, ಬರೀ ಅಂಗಿಯಲ್ಲಿ. ಅವನ ಬೆನ್ನ ಹಿಂದೆ ಕರೆಂಟಿನ ಕೆಟಲು ಹಬೆಯಾಡುತ್ತಿತ್ತು.

"ಏನಯ್ಯಾ ಪಾನ್, ಕೈಯಲ್ಲೇನದು ಬಟ್ಟಲು? ಇನ್ನೂ ಕತ್ತರಿಸಿಲ್ವಾ? ಮೊದ್ಲು ಆ ಪ್ಲಗ್ಗು ಕೀಳು. ನನ್ನ ಕಣ್ಣೆದುರಿಗೇ ಕೀಳ್ಬೇಕು."

ನಗು ನಿಂತಿತು. ದೆಶುನ್ ಅರ್ಧ ಕುಡಿದ ಬಟ್ಟಲನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡ. ಪಾನ್ ಮಾಲೀಕನ ಬೆನ್ನ ಹಿಂದಿನ ಕೆಟಲನ್ನೇ ನೋಡಿದ. ಆಮೇಲೆ ಕುಕ್ಕರಿಗೂ ತನ್ನ ಫೋನಿಗೂ ಒಟ್ಟಿಗೆ ಕರೆಂಟು ಕೊಡುತ್ತಿದ್ದ ಬೋರ್ಡಿನ ಆ ಒಂದೇ ಪ್ಲಗ್ಗನ್ನು ನೋಡಿದ.

"ಕಿತ್ರೆ ಈ ಫೋನೂ ಸಾಯತ್ತೆ, ನಿಮಗೇನೂ ಕಾಣಲ್ಲ, ಮಾಲೀಕ್ರೇ," ಅಂದ. "ಕಂಡ್ರೂ, ಕೀಳಲ್ಲ."

ಖಾಲಿ ಬಟ್ಟಲನ್ನು ಗುಯಿಲಾನ್ ಮುಂದೆ ಚಾಚಿದ.