ಇನ್ನೂ ಇಬ್ಬರಿದ್ದಾರೆ

“ಇನ್ನೂ ಇಬ್ಬರಿದ್ದಾರೆ ಕಣೇ,” ಎಂದರು ಮೇಳದ ಮೇಷ್ಟ್ರು, ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿದ್ದ ನೀರನ್ನು ತೋಳಿಗೆ ಒರೆಸಿಕೊಳ್ಳುತ್ತ. “ಹಾಳೆ ತಿರುವು.”

ಪಕ್ಕದಲ್ಲಿ ಪಿಟೀಲು ಹಿಡಿದಿದ್ದ ಅವರ ತಂಗಿ ಹಾಳೆ ತಿರುವಿದಳು. ಅಂದರೆ, ಒಂದಕ್ಕೊಂದು ಅಂಟಿಕೊಂಡಿದ್ದ ಮೂರನ್ನು ಉಗುರಿನಿಂದ ಬಿಡಿಸಿ, ಗಾಳಿಗೆ ಹಾರದಂತೆ ಬಟ್ಟೆ ಕ್ಲಿಪ್ಪು ಸಿಕ್ಕಿಸಿದಳು. ಪಿಟೀಲಿನ ತಂತಿಗಳು ತೇವಕ್ಕೆ ಸಡಿಲವಾಗಿದ್ದವು. ಹಾಡಿಗೊಮ್ಮೆ ಬಿರಡೆ ತಿರುಗಿಸಿ ಶ್ರುತಿ ಕೂಡಿಸಬೇಕು. ಮೈದಾನದ ವೇದಿಕೆಗೆ ಹಾಕಿದ್ದ ತಗಡಿನ ಚಪ್ಪರ ಎಲ್ಲೆಲ್ಲಿ ಸೋರಬೇಕೋ ಅಲ್ಲೆಲ್ಲ ಸೋರುತ್ತಿತ್ತು.

ಹದಿನೆಂಟು ವಾದಕರ ಮೇಳ. ಹಳೆಯ ಸಿನಿಮಾಗಳ ಸಂಗೀತವೇ ಅವರ ಬಂಡವಾಳ. ಮೂವತ್ತು ವರ್ಷ ನುಡಿಸಿದ್ದಾಯಿತು. ಕೇಳುವವರು ವರ್ಷದಿಂದ ವರ್ಷಕ್ಕೆ ಕರಗುತ್ತ ಬಂದರು. ಬೆಳಿಗ್ಗೆ ತಾಲೀಮಿನ ಕೋಣೆಯಲ್ಲಿ ಮೇಷ್ಟ್ರೇ ಎಲ್ಲರೆದುರು ಹೇಳಿಬಿಟ್ಟಿದ್ದರು: “ಇವತ್ತು ಕೊನೇ ಹಾಡಿನ ತನಕ ಒಬ್ಬರಾದ್ರೂ ಕೂತಿದ್ರೆ ಮೇಳ ನಡೀತದೆ. ಯಾರೂ ಇಲ್ದಿದ್ರೆ ಇವತ್ತಿಗೇ ಬಾಗಿಲು ಹಾಕೋಣ. ಆಮೇಲೆ ಯಾರೂ ನನ್ನ ಮುಖ ನೋಡಬೇಡಿ.”

ತಂಗಿ ಮನಸ್ಸಿನಲ್ಲೇ ಎರಡನೆಯದನ್ನು ಆರಿಸಿಕೊಂಡಿದ್ದಳು. ಐವತ್ತು ದಾಟಿತ್ತು. ಎಡ ಭುಜ ರಾತ್ರಿಯೆಲ್ಲ ಸೆಳೆಯುತ್ತಿತ್ತು. ಸಾಕು ಅಣ್ಣ ಎಂದು ಹೇಳಲು ಬಾಯಿ ಬಂದಿರಲಿಲ್ಲ, ಅಷ್ಟೆ. ಅವಳ ಪರವಾಗಿ ಮಳೆಯೇ ಹೇಳಿಬಿಟ್ಟರೆ ಎಷ್ಟು ಚೆನ್ನ.

ಮಳೆ ಹೇಳಲು ಶುರುಮಾಡಿದ್ದು ಮೂರನೇ ಹಾಡಿಗೆ. ಐದನೆಯದಕ್ಕೆ ಕೊಡೆಗಳು ಬಿಚ್ಚಿಕೊಂಡವು, ಏಳನೆಯದಕ್ಕೆ ಕೊಡೆಗಳೂ ಹೊರಟವು. ಐದು ಗಂಟೆಗೇ ಮೋಡ ಕವಿದು, ವೇದಿಕೆಗೆ ದೀಪ ಹಾಕಿಸಬೇಕಾಯಿತು. ದೀಪಗಳು ನೇರ ಕಣ್ಣಿಗೇ ಹೊಡೆಯುತ್ತಿದ್ದವು. ಮೊದಲ ಸಾಲು ಬಿಟ್ಟರೆ ಆಚೆಯದೆಲ್ಲ ಕಪ್ಪು.

ಆ ಮೊದಲ ಸಾಲಿನ ನಟ್ಟನಡುವೆ ಆ ಇಬ್ಬರು. ಗಂಡ ಹೆಂಡತಿ ಇರಬೇಕು. ಇಬ್ಬರಿಗೂ ಒಂದೇ ನೀಲಿಯ ಮಳೆಯಂಗಿ.

“ದೀಪ ಹಾಕೋಕ್ಮುಂಚೆ ಕಟ್ಟಕಡೇಲಿದ್ರು ಇವರು,” ಎಂದ ಡ್ರಮ್ಮಿನವನು. ಎಲ್ಲರ ಬಾಯಲ್ಲೂ ಅವನು ಗುಡುಗು. “ಕತ್ತಲಲ್ಲಿ ಜನ ಟಪ್ ಟಪ್ ಅಂತ ಎದ್ದು ಹೋಗ್ತಿದ್ರೆ ಇವರು ಮುಂದೆ ಮುಂದೆ ಬಂದಿದ್ದಾರೆ. ಇನ್ನೆರಡು ಹಾಡಾದ್ರೆ ನನ್ನ ತೊಡೆ ಮೇಲೇ ಕೂತಿರ್ತಾರೆ.”

“ಸಂಗೀತ ಎಳ್ಕೊಂಡು ಬಂದಿದೆ ಕಣೋ,” ಎಂದರು ಮೇಷ್ಟ್ರು. “ನಿನಗೆಲ್ಲಿ ಗೊತ್ತಾಗ್ಬೇಕು, ಬಡಿಯೋನಿಗೆ.”

ಹಾಡು ಮುಗಿದಾಗಲೆಲ್ಲ ಇಬ್ಬರೂ ತಟ್ಟನೆ ಎದ್ದು ನಿಲ್ಲುತ್ತಿದ್ದರು. ನಿಂತೇ ಚಪ್ಪಾಳೆ ತಟ್ಟುತ್ತಿದ್ದರು, ಇಪ್ಪತ್ತು ಜನರಷ್ಟು. ಮೇಷ್ಟ್ರು ಮತ್ತೆ ಕಡ್ಡಿ ಎತ್ತಿದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೆಲ್ಲಗೆ ಕೂರುತ್ತಿದ್ದರು. ಹೆಂಗಸಿನ ತುಟಿ ಅಲುಗುತ್ತಿತ್ತು. ವೇದಿಕೆಯ ಎಡದಿಂದ ಬಲಕ್ಕೆ ಕಣ್ಣಾಡಿಸುತ್ತ ಒಂದೊಂದೇ ಬೆರಳು ಮಡಚುತ್ತಿದ್ದಳು.

“ತಾಳ ಹಾಕ್ತಿದಾಳೆ ನೋಡು,” ಎಂದರು ಮೇಷ್ಟ್ರು. “ಇಂಥೋರು ಇದ್ದಾರೆ ಇನ್ನೂ.”

ಎದ್ದು ಹೋಗಿ ತಾಯಿ, ಎಂದು ತಂಗಿ ಒಳಗೊಳಗೇ ಬೇಡಿಕೊಂಡಳು. ಮನೆಗೆ ಹೋಗಿ ತಲೆ ಒರೆಸಿಕೊಳ್ಳಿ, ನಿಮಗೂ ಶೀತ ಆದೀತು.

ಪಟ್ಟಿಯಲ್ಲಿದ್ದ ಕೊನೆಯದು ರೈಲು ಓಡುವ ದೃಶ್ಯದ ಸಂಗೀತ. ನೆನೆದ ತೊಗಲಿನ ಮೇಲೆ ಗುಡುಗು ಎಷ್ಟು ಬಡಿದರೂ ರೈಲು ಕೆಸರಲ್ಲೇ ಓಡಿತು. ಅಂತೂ ನಿಲ್ದಾಣ ಮುಟ್ಟಿತು. ಇಬ್ಬರೂ ಎದ್ದರು. ಚಪ್ಪಾಳೆ. ಈ ಸಲ ಹೆಂಗಸು ವೇದಿಕೆಯ ಅಂಚಿಗೇ ಬಂದಳು.

“ಮುಗೀತಾ ಸಾರ್?”

ಆ ದನಿ ಕೇಳಿ ಮೇಷ್ಟ್ರು ಕರಗಿ ನೀರಾದರು. “ಎಲ್ಲಿ ಮುಗೀತಮ್ಮಾ! ಇಷ್ಟೊತ್ತು ಕಾದಿದ್ದೀರಿ, ನಿಮಗೋಸ್ಕರ ಇನ್ನೊಂದು. ಹೊರಟುಬಿಡಬೇಡಿ ಮತ್ತೆ.”

“ಎಲ್ಲಿಗೆ ಹೋಗೋಣ ಸಾರ್,” ಎಂದ ಗಂಡ, ಉಸಿರು ಬಿಟ್ಟು ಕೂರುತ್ತ. “ನೀವು ಮುಗಿಸೋ ತನಕ ನಾವು ಹೋಗೋ ಹಾಗೇ ಇಲ್ಲ.”

“ಕೇಳಿಸ್ಕೊಂಡ್ಯಾ?” ಮೇಷ್ಟ್ರು ತಂಗಿಯತ್ತ ತಿರುಗಿದರು. “ತೊಟ್ಟಿಲ ದೃಶ್ಯದ್ದು. ನೀನೊಬ್ಬಳೇ.”

ಕಮಾನಿನ ಕೂದಲು ಒದ್ದೆಯಾಗಿ ಜಾರುತ್ತಿತ್ತು. ಅವಳು ಕಣ್ಣು ಮುಚ್ಚಿ ನುಡಿಸಿದಳು. ಮೊದಲೆರಡು ಸಾಲು ಬೇಗ ಮುಗಿಯಲೆಂದು. ಮೂರನೆಯ ಸಾಲಿಗೆ ಏನಾಯಿತೋ, ಕೈ ನಿಧಾನವಾಯಿತು. ಇಷ್ಟು ಮಳೆಯಲ್ಲಿ ಇಬ್ಬರು ತನ್ನ ಪಿಟೀಲಿಗಾಗಿ ಕೂತಿದ್ದಾರೆ. ಹೋಗೋ ಹಾಗೇ ಇಲ್ಲ ಅಂತಾರೆ. ಇಂಥ ಮಾತನ್ನು ಅವಳಿಗೆ ಯಾರೂ, ಮದುವೆಯಾದವನೂ, ಹೇಳಿರಲಿಲ್ಲ. ಕೊನೆಯ ಸ್ವರವನ್ನು ಕಮಾನು ಮುಗಿಯುವವರೆಗೂ ಎಳೆದಳು. ಗುಡುಗು ಕೂಡ ಡ್ರಮ್ಮಿನ ಕೋಲು ಕೆಳಗಿಟ್ಟಿದ್ದ.

ಚಪ್ಪಾಳೆ ಬಿತ್ತು, ಹಿಂದಿನದಕ್ಕಿಂತ ಜೋರಾಗಿ.

“ಇನ್ನು ನಿಜಕ್ಕೂ ಮುಗೀತು,” ಎಂದು ಮೇಷ್ಟ್ರು ಕೈಮುಗಿದರು. ಹೆಂಗಸಿನ ಮುಖ ಅರಳಿತು. ಅವಳೂ ಕೈಮುಗಿದಳು, “ಒಳ್ಳೇದಾಗ್ಲಿ ಸಾರ್.”

ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತ ತಂಗಿಯ ಬಳಿ ಬಂದರು. ಅವಳು ಪಿಟೀಲನ್ನು ತನ್ನ ಸೆರಗಿನ ನೆನೆಯದೆ ಉಳಿದಿದ್ದ ತುದಿಯಿಂದ ಒರೆಸುತ್ತಿದ್ದಳು.

“ಮಾತು ಮಾತೇ. ಮೇಳ ನಡೀತದೆ. ನೀನು ಇರ್ತೀಯಲ್ಲ?”

ಭುಜ ಒಂದು ಸಲ ಚುಳ್ ಎಂದಿತು. “ಇರ್ತೀನಿ ಅಣ್ಣ.”

ಅವರು, ಆಗಲೇ ಒಳಗೆ ಹೋಗಿದ್ದ ಮೇಳದ ಕೊಳಲಿನವರಿಗೆ ಸುದ್ದಿ ಹೇಳಲು ಓಡಿದರು. ಯಾರೋ ದೀಪ ಆರಿಸಿದರು. ಸಂಜೆಯ ಬೂದು ಬೆಳಕಿಗೆ ಅವಳ ಕಣ್ಣು ಹೊಂದಿಕೊಳ್ಳಲು ಒಂದು ಗಳಿಗೆ ಬೇಕಾಯಿತು.

ಮೊದಲ ಸಾಲಿನ ಹಿಂದೆ ಇಡೀ ಮೈದಾನದಲ್ಲಿ ಒಂದೇ ಒಂದು ಕುರ್ಚಿ ಇರಲಿಲ್ಲ. ದೂರದಲ್ಲಿ ನಿಂತಿದ್ದ ಬಾಡಿಗೆ ಕುರ್ಚಿಯ ಲಾರಿಯಲ್ಲಿ ಅವನ್ನೆಲ್ಲ ಮಡಚಿ ಪೇರಿಸಿಡಲಾಗಿತ್ತು. ನೀಲಿ ಮಳೆಯಂಗಿಯ ಇಬ್ಬರು ತಾವು ಕೂತಿದ್ದ ಸಾಲನ್ನು ಒಂದು ತುದಿಯಿಂದ ಟಪ್ ಟಪ್ ಎಂದು ಮಡಚತೊಡಗಿದರು.