ಅಸಲಿ ಹಾರ್ನಿನ ಗುರುತು

ಹಳೇ ಕಾರುಗಳ ಮೇಳದಲ್ಲಿ ಯಾವ ಹಾರ್ನ್ ಅಸಲಿ, ಯಾವುದು ನಕಲಿ ಎಂದು ತೀರ್ಪು ಕೊಡುವವರು ಚೆಂಗಪ್ಪನವರು. ಅರ್ಧ ಆಯಸ್ಸನ್ನು ಹಿತ್ತಾಳೆ ಉಜ್ಜುವುದರಲ್ಲೇ ಕಳೆದ ಅವರ ಕಣ್ಣಿಗೆ, ಮಿಕ್ಕ ಮಾಲೀಕರೆಲ್ಲ ಮದುವೆ ಬ್ಯಾಂಡಿನ ತುತ್ತೂರಿಯನ್ನು ಕಾರಿಗೆ ಕಟ್ಟಿಕೊಂಡು ಬಂದ ಕೋಡಂಗಿಗಳಾಗಿಯೇ ಕಾಣುತ್ತಿದ್ದರು.

ನಡುವಯಸ್ಸಿನ ಹೆಂಗಸೊಬ್ಬಳು ತನ್ನ ತಂದೆಯ ಕಾರಿನ ಹಾರ್ನ್ ತೋರಿಸಿದಳು. ಚೆಂಗಪ್ಪನವರು ಅದನ್ನು ಮುಟ್ಟಲೂ ಇಲ್ಲ.

“ಸಂತೆ ಮಾಲು. ಇಂಥಾದ್ದನ್ನ ಇಲ್ಲಿಗೆ ತರೋಕೆ ನಾಚಿಕೆ ಆಗಲ್ವೇನಮ್ಮಾ?”

“ಅಸಲಿ ಈಗಿಲ್ಲ ಸಾರ್. ಅಪ್ಪ ಸಿಕ್ಕಿದ್ದನ್ನ ಹಾಕ್ಸಿದ್ರು.”

“ಅಸಲಿ ಇಟ್ಕೊಳ್ಳೋಕೂ ಯೋಗ್ಯತೆ ಬೇಕು. ಬಾ, ತೋರಿಸ್ತೀನಿ.”

ಆಕೆಯನ್ನು ತಮ್ಮ ಕಾರಿನ ಬಳಿಗೆ ಕರೆದೊಯ್ದು, ಹಾರ್ನಿನ ಅಗಲ ಬಾಯೊಳಗೆ ಟಾರ್ಚ್ ಬಿಟ್ಟರು. ಅಂಚಿನ ಒಳಬದಿಯಲ್ಲಿ ಗೀಚಿದ ಪುಟ್ಟ ನವಿಲೊಂದು ಹೊಳೆಯಿತು.

“ನೋಡು, ಕಂಪನಿಯವರ ಗುಟ್ಟಿನ ಗುರುತು ಇದು. ವಿಲಾಯಿತಿ ಕಸುಬುದಾರ ಕೈಯಾರೆ ಕೆತ್ತಿದ್ದು. ಇದಿಲ್ಲದ್ದೆಲ್ಲ ನಕಲಿ ಅಂತ ನಾನು ಲೇಖನಾನೇ ಬರೆದಿದ್ದೀನಿ.”

ಆಕೆ ಬಗ್ಗಿ ಬಹಳ ಹೊತ್ತು ನೋಡಿದಳು.

“ನವಿಲಿಗೆ ಮೂರು ಕಾಲಿದೆ, ಸಾರ್.”

“ಅದೇ ಅದರ ಹೆಚ್ಚುಗಾರಿಕೆ! ನಿಮ್ಮಂಥೋರಿಗೆ ಎಲ್ಲಿ ಅರ್ಥ ಆಗ್ಬೇಕು?”

ಆಕೆ ಆ ಮೂರನೇ ಕಾಲಿನ ಮೇಲೆ ಮೆಲ್ಲಗೆ ಬೆರಳಾಡಿಸಿದಳು.

“ಅದು ಹೇರ್‌ಪಿನ್ ಜಾರಿ ಆಗಿದ್ದು. ಆಗ ನಾನು ಒಂದನೇ ಕ್ಲಾಸು. ಅಪ್ಪನ ಕೈಲಿ ಬೈಸ್ಕೊಂಡಿದ್ದೆ. ಅದಾಗಿ ಸ್ವಲ್ಪ ದಿನಕ್ಕೇ ನಮ್ಮ ಶೆಡ್ಡಿಂದ ಈ ಹಾರ್ನ್ ಕಳುವಾಯ್ತು.”