ಜಾಲರಿ ಮುಖದ ಪೆಟ್ಟಿಗೆ

ಹಾಡಹಗಲೇ ಮನೆಗೆ ನುಗ್ಗಿ ಸಾಜಿಯಾಳ ಕಂಪ್ಯೂಟರನ್ನು ಅಂಗಳದ ಒಗೆಯುವ ಕಲ್ಲಿಗೆ ಬಡಿದು ಒಡೆದರು. ಊರಾಚೆಯ ಕಬ್ಬಿಣದ ಕಾರ್ಖಾನೆಯ ಹೊಗೆಯ ಫೋಟೋಗಳೆಲ್ಲ ಅದರಲ್ಲಿದ್ದವು.

"ರಸ್ತಿ ಮಣ್ಣು ಹಾರಿದ್ರೂ ನಮ್ಮ ಹೆಸರು ಹೇಳ್ತೀರಿ," ಎಂದ ಸಮ್ರಾಟ್, ಕಾರ್ಖಾನೆಯ ಸೂಪರ್‌ವೈಸರ್. "ನಮ್ಮ ಧೂಳು ಕಾಂಪೌಂಡ್ ದಾಟಂಗಿಲ್ಲ. ಅಹವಾಲು ಸಭಿಯಾಗ ಫೋಟೋ ಗೀಟೋ ತೋರ್ಸಿದಿ ಅಂದ್ರ, ಮುಂದಿನ ಸಲ ಒಡಿಯೋದು ಕಂಪ್ಯೂಟರ್ ಅಲ್ಲ."

ಕುರುಗೋಡಿನ ಆ ಓಣಿಯಲ್ಲಿ ಒಂದು ಬಾಗಿಲೂ ತೆರೆಯಲಿಲ್ಲ. ಒಳಗೆ ಮಂಚದ ಮೇಲೆ ಅವಳ ಅಬ್ಬಾ ಚಾಂದಸಾಬ್ ಕೆಮ್ಮುತ್ತಿದ್ದ. ಓಣಿಯ ಬೆನ್ನಿಗೇ ಎರಡನೇ ಕುಲುಮೆ ಹೂಡಲು ಕಾರ್ಖಾನೆ ಅನುಮತಿ ಕೇಳಿತ್ತು. ಅಹವಾಲು ಸಭೆಯಲ್ಲಿ ಅದಕ್ಕೆ ತಡೆ ಬೀಳದಿದ್ದರೆ ಆ ಎದೆಗೂಡು ಮುಂದಿನ ಬೇಸಿಗೆ ಕಾಣುವುದಿಲ್ಲ. ಅದನ್ನು ಯಾವ ಡಾಕ್ಟರೂ ಹೇಳಬೇಕಿರಲಿಲ್ಲ.

"ಸಿರುಗುಪ್ಪಕ್ಕ ಅಕ್ಕನ ಮನಿಗೆ ಹೋಗಿಬಿಡು ಬೇಟಿ," ಎಂದು ತಾಯಿ ಕುಬ್ರಾಬಿ ಅಳುತ್ತ ಕೈಮುಗಿದಳು.

ಸಾಜಿಯಾ ಬಳ್ಳಾರಿಯ ಬಸ್ಸು ಹತ್ತಿದಳು.

ಬೆಂಗಳೂರು ರಸ್ತೆಯ ಕಂಪ್ಯೂಟರ್ ಅಂಗಡಿಯಲ್ಲಿ ಮಾಲೀಕ ಪ್ರಾಣೇಶ ಮೂರು ಖಾಲಿ ಕ್ಯಾಬಿನೆಟ್ ಪೆಟ್ಟಿಗೆ ಇಳಿಸಿ ಸಾಲಾಗಿ ಇಟ್ಟ. ಮೊದಲನೆಯದು ಅಗ್ಗದ್ದು, ತಗಡನ್ನು ಒತ್ತಿದರೆ ಬಾಗುತ್ತಿತ್ತು, ಅಂಚು ಬೆರಳು ಕೊಯ್ಯುತ್ತಿತ್ತು. ಕೊನೆಯದು ಭಾರಿ, ಸುತ್ತ ಗಾಜು, ಒಳಗೆ ಬಣ್ಣಬಣ್ಣದ ದೀಪ.

"ಇದನ್ನ ಒಯ್ಯಿ ತಂಗಿ. ಮದುವಿ ಮನಿ ಆಗತೈತಿ ನಿನ್ನ ಖೋಲಿ."

"ಇದಕ್ಕ ಮುಂದ ಗಾಳಿ ಎಲ್ಲಿಂದ ಬರತೈತಣ್ಣ?"

"ಸಂದ್ಯಾಗಿಂದ ಒಂಚೂರು ಬರತೈತಿ."

"ಬ್ಯಾಡ."

ಉಳಿದದ್ದು ನಡುವಿನದು. ಮುಂಭಾಗದ ತುಂಬ ಜಾಲರಿ, ಅದರ ಹಿಂದೆ ದೊಡ್ಡ ಫ್ಯಾನುಗಳು. ಪ್ರಾಣೇಶ ಜಾಲರಿಯ ಮೇಲಿನ ತೆಳು ಫಿಲ್ಟರನ್ನು ಕಿತ್ತು ಮತ್ತೆ ಬಿಟ್ಟ. ಟಪ್ಪೆಂದು ಅಂಟಿಕೊಂಡಿತು. "ಅಂಚಿಗೆ ಅಯಸ್ಕಾಂತದ ಪಟ್ಟಿ ಐತಿ ನೋಡು. ಕಿತ್ತು ತೊಳಿಯಾಕ ಸಲೀಸು."

ಸಾಜಿಯಾ ಫ್ಯಾನು ಹಚ್ಚಿಸಿ, ಜಾಲರಿಯ ಮುಂದೆ ಓಢಣಿಯ ಸೆರಗು ಹಿಡಿದಳು. ಅದು ಒಳಕ್ಕೆ ಎಳೆದುಕೊಂಡಿತು. ಪಟ್ಟಿಯ ಉದ್ದಕ್ಕೂ ಬೆರಳಾಡಿಸಿದಳು. ಪಕ್ಕದ ತಗಡಿನ ಕೀಲುಗಳಲ್ಲಿ ಸಂದು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿದಳು. "ಇದ ಇರಲಿ. ಒಳಗ ಮಾತ್ರ ಹಳೇ ಬೋರ್ಡ್, ಹಳೇ ಹಾರ್ಡ್ ಡಿಸ್ಕ್ ಏನಿದ್ರೂ ನಡೀತೈತಿ."

"ಅಲ್ಲವಾ, ಮ್ಯಾಲ ಸೂಟು, ಒಳಗ ಹರಕ ಬನಿಯನ್ನಾ?" ಪ್ರಾಣೇಶ ನಕ್ಕ.

ಅವಳು ನಗಲಿಲ್ಲ. ಬಾಗಿಲಾಚೆ ಸಮ್ರಾಟನ ಬೈಕು ನಿಂತಿತ್ತು. ಅವನು ಇಳಿಯಲಿಲ್ಲ, ಪೆಟ್ಟಿಗೆಯನ್ನು ನೋಡಿದ, ಅವಳನ್ನು ನೋಡಿದ, ಹೋದ. ಅವಳ ಅಂಗೈ ಬೆವರಿ ತಗಡಿನ ಮೇಲೆ ಹಸ್ತದ ಗುರುತು ಮೂಡಿತ್ತು.

ಮನೆಯಲ್ಲಿ ಅದನ್ನು ಕಿಟಕಿಗೆ ಮುಖ ಮಾಡಿ ಇಟ್ಟಳು. ಅಬ್ಬಾನ ಮಂಚದ ಪಕ್ಕ.

ಆ ಓಣಿಯಲ್ಲಿ ಬೆಳಗಾಗುವುದೇ ಒರೆಸುವ ಬಟ್ಟೆಯಿಂದ. ಬಂದವರಿಗೂ ಮೊದಲು ಕುರ್ಚಿ ಒರೆಸುತ್ತಾರೆ, ಆಮೇಲೆ ಸಲಾಮು. ಕುಬ್ರಾಬಿ ಬಟ್ಟೆ ಹಿಡಿದು ಹೊಸ ಪೆಟ್ಟಿಗೆಯ ಹತ್ತಿರ ಬಂದಾಗ ಸಾಜಿಯಾ ಚೀರಿದಳು.

"ಮುಟ್ಟಬ್ಯಾಡಮ್ಮ! ಕರೆಂಟ್ ಹೊಡೀತೈತಿ!"

ಕುಬ್ರಾಬಿ ಮತ್ತೆ ಅದರ ಹತ್ತಿರ ಸುಳಿಯಲಿಲ್ಲ. ಫ್ಯಾನುಗಳು ಗುಂಯ್ಯೆನ್ನುತ್ತಲೇ ಇದ್ದವು. ಬೀದಿಯಲ್ಲಿ ಬೈಕಿನ ಸದ್ದಾದಾಗಲೆಲ್ಲ ಸಾಜಿಯಾ ಪೆಟ್ಟಿಗೆಗೆ ಅಡ್ಡ ನಿಲ್ಲುತ್ತಿದ್ದಳು.

ಸಭೆಯ ಹಿಂದಿನ ದಿನ ಬೈಕು ಬಾಗಿಲಲ್ಲೇ ನಿಂತಿತು.

"ಬಿಚ್ಚು," ಎಂದ ಸಮ್ರಾಟ್.

ಅವಳು ಸ್ಕ್ರೂಡ್ರೈವರ್ ತಂದಳು. ಅವನೇ ಕಸಿದುಕೊಂಡು ಪಕ್ಕದ ತಗಡು ಬಿಚ್ಚಿದ. ಹಾರ್ಡ್ ಡಿಸ್ಕ್ ಕಿತ್ತು ಜೇಬಿಗೆ ಹಾಕಿಕೊಂಡ. ಬೋರ್ಡನ್ನು ಬೂಟಿನಲ್ಲಿ ತುಳಿದ. ಏಳುವಾಗ ಆಸರೆಗೆ ಪೆಟ್ಟಿಗೆಯ ಮುಂಭಾಗ ಹಿಡಿದ. ಸಾಜಿಯಾ ಒಂದು ಹೆಜ್ಜೆ ಮುಂದಿಟ್ಟಳು.

ಅವನು ಬೆರಳು ನೋಡಿಕೊಂಡ. ಕರ್ರಗಾಗಿದ್ದವು.

"ಥೂ, ಏನ್ ಹೊಲಸಿನ ಮಂದೀಲೇ. ಒರೆಸೋದಿಲ್ಲೇನು?" ಬೆರಳನ್ನು ಕಿಟಕಿಯ ಪರದೆಗೆ ತಿಕ್ಕಿದ. "ಖಾಲಿ ಡಬ್ಬಿ ನೀನ ಇಟ್ಕೊ. ಜ್ವಾಳ ತುಂಬಾಕ ಆಗತೈತಿ."

ಮಂಚದ ಮೇಲೆ ಚಾಂದಸಾಬ್ ಕೆಮ್ಮುತ್ತಲೇ ಕೇಳಿದ: "ಎಲ್ಲಾ ಹೋತೇನವಾ?"

ಸಾಜಿಯಾಳಿಗೆ ಅಳು ಬಂದಿತ್ತು. ಕುಬ್ರಾಬಿಯ ಹಳೆಯ ಸೀರೆಯಲ್ಲಿ ಖಾಲಿ ಪೆಟ್ಟಿಗೆಯನ್ನು ಕೂಸಿನ ಹಾಗೆ ಸುತ್ತಿದಳು.

ಮರುದಿನ ಅದನ್ನೇ ಎತ್ತಿಕೊಂಡು ಸಭೆಗೆ ಹೋದಳು. ಮುಂದಿನ ಸಾಲಿನಲ್ಲಿ ಕೂತ ಸಮ್ರಾಟ್ ಪಕ್ಕದವನ ಕಿವಿಯಲ್ಲಿ ಏನೋ ಹೇಳಿದ, ಇಬ್ಬರೂ ನಕ್ಕರು. ಕಾರ್ಖಾನೆಯ ವಕೀಲ ಮೈಕಿನಲ್ಲಿ, ಮನೆಗಳೊಳಗೆ ಸಿಗುವುದು ಬರೀ ರಸ್ತೆಯ ಮಣ್ಣು ಎಂದು ಮತ್ತೊಮ್ಮೆ ಹೇಳಿ ಕೂತ.

ಸಾಜಿಯಾಳ ಹೆಸರು ಕರೆದರು. ಪೆಟ್ಟಿಗೆಯನ್ನು ಮೇಜಿಗಿಟ್ಟು ಸೀರೆ ಬಿಚ್ಚಿದಾಗ ಬಿಳಿ ಮೇಜುಬಟ್ಟೆಯ ಮೇಲೆ ಕಪ್ಪು ಉದುರಿತು. ಸಭೆ ನಡೆಸುತ್ತಿದ್ದ ಅಧಿಕಾರಿ ಮೂಗು ಮುಚ್ಚಿಕೊಂಡರು.

"ಏನಮ್ಮ ಇದು, ಕಾಗದಪತ್ರ ಎಲ್ಲಾ ಹೊಲಸಾತು. ಮೊದಲು ಹೊರಗ ಒಯ್ದು ಝಾಡಿಸಿಕೊಂಡು ಬಾ."

ಸಾಜಿಯಾ ಮುಂಭಾಗದ ಫಿಲ್ಟರನ್ನು ಮೆಲ್ಲಗೆ ಕಿತ್ತು, ಎಲ್ಲರಿಗೂ ಕಾಣುವಂತೆ ತಲೆಕೆಳಗಾಗಿ ಹಿಡಿದಳು. ಅಂಚಿನ ಅಯಸ್ಕಾಂತದ ಪಟ್ಟಿಯುದ್ದಕ್ಕೂ ಕಬ್ಬಿಣದ ಪುಡಿ ಕಪ್ಪು ಗಡ್ಡದ ಹಾಗೆ ನಿಮಿರಿ ನಿಂತಿತ್ತು. ಒಂದು ಕಣವೂ ಉದುರಲಿಲ್ಲ. ಮುಂದಿನ ಸಾಲಿನ ನಗು ನಿಂತಿತು.

"ಝಾಡಿಸಂಗಿಲ್ರಿ ಸಾಹೇಬ್ರ," ಎಂದಳು. "ರಸ್ತಿ ಮಣ್ಣು ಅಯಸ್ಕಾಂತಕ್ಕ ಹಿಂಗ ಅಂಟ್ಕೊಳ್ಳೂದಿಲ್ಲ. ಈ ಪೆಟ್ಟಿಗಿ ಕೊಂಡಿದ್ದ ಇದನ್ನ ಹಿಡಿಯಾಕ."